ಮಿಷನ್ ತಿಂಗಳ ಅಧ್ಯಯನ: ಲಮಲೆರಾ ಎಂಬ ಕಡಲಂಚಿನ ಹಳ್ಳಿ



ಅಕ್ಟೋಬರ್ ಬಂತೆಂದರೆ ಮಿಷನ್ ಭಾನುವಾರದ ಕವರುಗಳು ಮನೆಮನೆಗೆ ಬರುತ್ತವೆ. ನೋಟು ಇಟ್ಟು, ಅಂಟಿಸಿ, ಕಾಣಿಕೆ ತಟ್ಟೆಗೆ ಹಾಕಿದರೆ ನಮ್ಮ ಕೆಲಸ ಮುಗಿಯಿತು. ದೂರದ ಮಿಷನ್ ನಾಡು ಎಂದರೆ ಕಣ್ಣ ಮುಂದೆ ಬರುವುದು ಬಡ ಮಕ್ಕಳ ಒಂದು ಚಿತ್ರ, ಅಷ್ಟೆ. ಆ ಮಕ್ಕಳು ಏನು ಉಣ್ಣುತ್ತಾರೆ, ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ, ದೊಡ್ಡವರಾದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ನಾವು ಕೇಳಿದ್ದಿಲ್ಲ. ಆದ್ದರಿಂದ ಈ ವರ್ಷ ಯುವ ಬಳಗದಲ್ಲಿ ಇಡೀ ಲೋಕವನ್ನು ಬಿಟ್ಟು ಒಂದೇ ಒಂದು ಹಳ್ಳಿಯನ್ನು ಹಿಡಿದು ಓದೋಣ ಎಂದು ಕೂತೆವು. ಇಂಡೊನೇಷ್ಯಾದ ಲಮಲೆರಾ ಎಂಬ ಹಳ್ಳಿ ಸಿಕ್ಕಿತು. ನಮ್ಮಲ್ಲಿ ಯಾರೂ ಅಲ್ಲಿಗೆ ಹೋದವರಲ್ಲ. ಓದಿ ತಿಳಿದದ್ದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲ ದಿನವೇ ಕೂಟಕ್ಕೆ ಬಂದಿದ್ದ ಒಬ್ಬ ಅಜ್ಜಿ, "ತಿಮಿಂಗಿಲ ಕೊಂದು ತಿನ್ನೋರ ಕಥೆ ನಮಗ್ಯಾಕಪ್ಪಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ನಮಗೆ ನಾಲ್ಕು ವಾರ ಹಿಡಿಯಿತು.

ಎಲ್ಲಿದೆ ಈ ಊರು?

ಇಂಡೊನೇಷ್ಯಾ 17 ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಜನರಲ್ಲಿ ಬಹುಪಾಲು ಮುಸ್ಲಿಮರು. ಆದರೆ ಪೂರ್ವ ನುಸಾ ತೆಂಗಾರಾ ಎಂಬ ಪ್ರಾಂತ್ಯದಲ್ಲಿ ಲೆಕ್ಕ ತಲೆಕೆಳಗು: 2020ರಲ್ಲಿ ಸುಮಾರು 53 ಲಕ್ಷವಿದ್ದ ಅಲ್ಲಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಥೋಲಿಕರು. ಆ ಪ್ರಾಂತ್ಯದ ಫ್ಲೋರೆಸ್ ದ್ವೀಪದ ಪೂರ್ವ ತುದಿಯಾಚೆ ಅದೊನಾರಾ, ಸೊಲೊರ್, ಲೆಂಬಾತಾ ಎಂಬ ಮೂರು ದ್ವೀಪಗಳಿವೆ. ಲೆಂಬಾತಾದ ದಕ್ಷಿಣ ದಂಡೆಯಲ್ಲಿ, ಬೆಟ್ಟದ ಬುಡದಲ್ಲಿ, ಕಪ್ಪು ಬಂಡೆಗಳ ನಡುವೆ ಲಮಲೆರಾ ಇದೆ. ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಎರಡು ಭಾಗ; ಎರಡೂ ಸೇರಿ ಜನಸಂಖ್ಯೆ ಎರಡು ಸಾವಿರದ ಒಳಗೆ. ಜಿಲ್ಲಾ ಕೇಂದ್ರ ಲೆವೊಲೆಬಾ ದ್ವೀಪದ ಇನ್ನೊಂದು ಬದಿಯಲ್ಲಿದೆ. ನಕ್ಷೆಯಲ್ಲಿ ನೋಡಿದರೆ ಹತ್ತಿರ. ಆದರೆ ಮರದ ಬೆಂಚು ಹಾಕಿದ ಲಾರಿಯಲ್ಲಿ, ಕಿತ್ತುಹೋದ ಬೆಟ್ಟದ ದಾರಿಯಲ್ಲಿ ಮೂರು ನಾಲ್ಕು ಗಂಟೆ ಕುಲುಕಾಡಬೇಕು. ಘಟ್ಟದ ರಸ್ತೆ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದ್ವೀಪಗಳಿಗೆ ವಿಶ್ವಾಸ ಬಂದ ದಾರಿ ನಮ್ಮ ಪಡುವಣ ಕರಾವಳಿಯನ್ನು ಹಾದೇ ಹೋದದ್ದು. ಸಂತ ಫ್ರಾನ್ಸಿಸ್ ಝೇವಿಯರ್ ಗೋವಾದಿಂದ ಹೊರಟು, ಮಲಾಕ್ಕಾ ದಾಟಿ, 1546ರಲ್ಲಿ ಈಗಿನ ಇಂಡೊನೇಷ್ಯಾದ ಅಂಬೋನ್ ತಲುಪಿದರು. 1558ರಲ್ಲಿ ಮಲಾಕ್ಕಾ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದನ್ನು ಗೋವಾದ ಮಹಾಧರ್ಮಪ್ರಾಂತ್ಯದ ಕೆಳಗೆ ಇಡಲಾಯಿತು. ಕೆಲವೇ ವರ್ಷಗಳಲ್ಲಿ ದೊಮಿನಿಕನ್ ಗುರುಗಳು ಸೊಲೊರ್ ದ್ವೀಪದಲ್ಲಿ ಕಲ್ಲಿನ ಕೋಟೆ ಕಟ್ಟಿ ನೆಲೆಸಿದರು. ಫ್ಲೋರೆಸ್ ತುದಿಯ ಲರಾಂತುಕಾ ಪಟ್ಟಣದಲ್ಲಿ ಇಂದಿಗೂ ಪವಿತ್ರ ವಾರಕ್ಕೆ ಪೋರ್ಚುಗೀಸ್ ಹೆಸರೇ ಇದೆ. ಶುಭ ಶುಕ್ರವಾರ ವ್ಯಾಕುಲಮಾತೆಯ ಸ್ವರೂಪವನ್ನು ಹೊತ್ತು ಇಡೀ ರಾತ್ರಿ ಮೆರವಣಿಗೆ ನಡೆಯುತ್ತದೆ. ಲಮಲೆರಾ ಸೇರಿರುವುದೂ ಲರಾಂತುಕಾ ಧರ್ಮಪ್ರಾಂತ್ಯಕ್ಕೇ. ಆದರೆ ಲಮಲೆರಾಕ್ಕೆ ದೀಕ್ಷಾಸ್ನಾನ ತಲುಪಿದ್ದು ಬಹಳ ತಡವಾಗಿ. 1886ರಲ್ಲಿ ಒಬ್ಬ ಯೇಸುಸಭೆಯ ಗುರುಗಳು ದೋಣಿಯಲ್ಲಿ ಬಂದು ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟು ಹೋದರು. ಊರಲ್ಲೇ ನೆಲೆಸಿ ಧರ್ಮಕೇಂದ್ರವನ್ನು ಕಟ್ಟಿದವರು 1920ರ ದಶಕದ ಜರ್ಮನ್ ಗುರು ಬರ್ನಾರ್ಡ್ ಬೋಡೆ, ಎಸ್.ವಿ.ಡಿ. ಸಭೆಯವರು.

ದೋಣಿ, ಈಟಿ, ಬಲಿಪೂಜೆ

ಲಮಲೆರಾದ ಸುತ್ತ ಭತ್ತದ ಗದ್ದೆ ಇಲ್ಲ. ಕಲ್ಲು ನೆಲ. ಮಳೆ ವರ್ಷಕ್ಕೆ ನಾಲ್ಕು ತಿಂಗಳು, ಉಳಿದದ್ದೆಲ್ಲ ಒಣ ಬಿಸಿಲು. ಹಾಗಾಗಿ ಅಲ್ಲಿಯ ಜನ ಉಣ್ಣುವುದು ಕಡಲಿನಿಂದ. ಊರ ಮುಂದೆಯೇ ಸಮುದ್ರ ಬಹಳ ಆಳ. ಆ ಆಳದ ದಾರಿಯಲ್ಲಿ ಸ್ಪರ್ಮ್ ವೇಲ್ ಎಂಬ, ಹಲ್ಲಿರುವ ತಿಮಿಂಗಿಲ ಓಡಾಡುತ್ತದೆ. ಗಂಡು 15 ಮೀಟರ್ ದಾಟಿ ಬೆಳೆಯುತ್ತದೆ, ತೂಕ 40 ಟನ್ ಮುಟ್ಟುತ್ತದೆ. ನಮ್ಮ ದೇವಾಲಯದ ಬಾಗಿಲಿನಿಂದ ಪೀಠದವರೆಗೆ ಮಲಗಿಸಿದರೂ ಬಾಲ ಹೊರಗೆ ಉಳಿದೀತು ಎಂದು ಅಳೆದು ನೋಡಿದ ನಮ್ಮ ಹುಡುಗರು ಹೇಳಿದರು.

ಇದನ್ನು ಹಿಡಿಯಲು ಇವರ ಬಳಿ ಇರುವುದು ಸುಮಾರು ಹತ್ತು ಮೀಟರ್ ಉದ್ದದ ಮರದ ದೋಣಿ. ಅದಕ್ಕೆ ತೆನಾ ಎಂದು ಹೆಸರು. ಒಂದು ಕಬ್ಬಿಣದ ಮೊಳೆಯೂ ಇಲ್ಲ. ಹಲಗೆಗೆ ಹಲಗೆಯನ್ನು ಮರದ ಬೆಣೆಯಿಂದ ಸೇರಿಸಿ, ಒಳಗಿನ ಪಕ್ಕೆಲುಬುಗಳನ್ನು ಹಗ್ಗದಿಂದ ಬಿಗಿಯುತ್ತಾರೆ. ಹಾಯಿ ತಾಳೆ ಜಾತಿಯ ಗರಿಯಿಂದ ನೇಯ್ದ ಚಾಪೆ. ದೋಣಿಯ ಮೂತಿಯಲ್ಲಿ ಬಿದಿರಿನ ಅಟ್ಟಣೆ. ಅದರ ತುದಿಯಲ್ಲಿ ಲಮಾಫಾ ನಿಂತಿರುತ್ತಾನೆ, ಅಂದರೆ ಈಟಿಯವನು. ತಿಮಿಂಗಿಲ ಹತ್ತಿರ ಬಂದಾಗ ಈಟಿಯನ್ನು ಅವನು ಎಸೆಯುವುದಿಲ್ಲ. ಈಟಿಯ ಸಮೇತ ತಾನೇ ಹಾರುತ್ತಾನೆ, ಮೈಯ ಪೂರ್ತಿ ಭಾರ ಹಾಕಿ ಚುಚ್ಚುತ್ತಾನೆ, ಆಮೇಲೆ ಈಜಿ ದೋಣಿಗೆ ಬರಬೇಕು. ಹಗ್ಗ ಕಾಲಿಗೆ ಸುತ್ತಿಕೊಂಡರೆ ಮುಗಿಯಿತು. ಬಾಲ ಬೀಸಿದರೆ ದೋಣಿ ಚೂರಾಗುತ್ತದೆ. 1994ರ ಮಾರ್ಚಿನಲ್ಲಿ ಒಂದು ತಿಮಿಂಗಿಲ ಇವರ ದೋಣಿಗಳನ್ನು ತಿಮೋರ್ ದಿಕ್ಕಿಗೆ ಎಳೆದುಕೊಂಡು ಹೋಗಿ, ದಿನಗಟ್ಟಲೆ ಅನ್ನ ನೀರಿಲ್ಲದೆ ತೇಲಿದವರನ್ನು ಪ್ರವಾಸಿಗರ ಹಡಗೊಂದು ಎತ್ತಿಕೊಂಡಿತು.

ಹೀಗೆ ಸಾವನ್ನು ಪಕ್ಕದಲ್ಲಿಟ್ಟುಕೊಂಡು ದುಡಿಯುವವರ ಪ್ರಾರ್ಥನೆ ಹೇಗಿರುತ್ತದೆ? ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ. ಬೇಟೆಯ ಕಾಲಕ್ಕೆ ಅವರು ಲೆಫಾ ಎನ್ನುತ್ತಾರೆ. ಅದು ಮೇ 1ರಂದು ಶುರು. ಅದಕ್ಕೆ ಮುಂಚೆ ಕುಲದ ಹಿರಿಯರೆಲ್ಲ ಕಡಲ ದಂಡೆಯಲ್ಲಿ ಸಭೆ ಸೇರುತ್ತಾರೆ. ಕಳೆದ ವರ್ಷದ ಜಗಳ, ಪಾಲಿನ ತಕರಾರು, ಬಾಯಿತಪ್ಪಿದ ಮಾತು, ಎಲ್ಲವನ್ನೂ ಅಲ್ಲಿ ಇತ್ಯರ್ಥ ಮಾಡಬೇಕು. ಗಂಡ ಹೆಂಡತಿ ಮುನಿಸಿಕೊಂಡಿದ್ದರೆ, ಅಣ್ಣ ತಮ್ಮ ಮಾತು ಬಿಟ್ಟಿದ್ದರೆ, ಈಟಿ ಗುರಿ ತಪ್ಪುತ್ತದೆ ಎಂಬುದು ಅವರ ದೃಢ ನಂಬಿಕೆ. ಈಟಿಯವನು ಬರಿಗೈಲಿ ಬಂದರೆ ಮೊದಲು ಕೇಳುವ ಪ್ರಶ್ನೆ, ಮನೆಯಲ್ಲಿ ಏನು ಸರಿಯಿಲ್ಲ ಎಂಬುದು. ಪೀಠಕ್ಕೆ ಕಾಣಿಕೆ ತರುವ ಮುನ್ನ ಸಹೋದರನೊಡನೆ ರಾಜಿಯಾಗು ಎಂದು ಪ್ರಭು ಕಲಿಸಿದ್ದನ್ನು (ಮತ್ತಾಯ 5:23-24) ಒಂದು ಇಡೀ ಊರು ವರ್ಷಕ್ಕೊಮ್ಮೆ ಮರಳ ಮೇಲೆ ಕೂತು ಮಾಡುತ್ತದೆ. ನಾವು ಪಾಪನಿವೇದನೆಯನ್ನು ನಮಗೂ ಗುರುಗಳಿಗೂ ನಡುವಿನ ಗುಟ್ಟಿನ ಮಾತು ಎಂದಷ್ಟೇ ತಿಳಿದಿದ್ದೆವು. ಊಟದ ತಟ್ಟೆಗೂ ಅದಕ್ಕೂ ಸಂಬಂಧವಿದೆ ಎಂಬ ಯೋಚನೆ ನಮಗೆ ಹೊಳೆದಿರಲಿಲ್ಲ.

ಏಪ್ರಿಲ್ ಕೊನೆಯ ಸಂಜೆ ದಂಡೆಯಲ್ಲಿ, ಕಡಲಲ್ಲಿ ಸತ್ತವರಿಗಾಗಿ ಬಲಿಪೂಜೆ. ಹೆಸರುಗಳನ್ನು ಓದುತ್ತಾರೆ. ಕತ್ತಲಾದ ಮೇಲೆ ಹಣತೆಯಂತೆ ಮೇಣದ ಬತ್ತಿಗಳನ್ನು ನೀರಿಗೆ ತೇಲಿಬಿಡುತ್ತಾರೆ; ಶವ ಸಿಗದವರಿಗೆ ಅದೇ ಸಮಾಧಿ. ಮರುದಿನ ಬೆಳಿಗ್ಗೆ ಹೊಸ ಕಾಲದ ಬಲಿಪೂಜೆ, ಗುರುಗಳು ದೋಣಿದೋಣಿಗೂ ಪವಿತ್ರ ತೀರ್ಥ ಚಿಮುಕಿಸುತ್ತಾರೆ. ದಂಡೆಯಲ್ಲೇ ಸಂತ ಪೇತ್ರರ ಚಿಕ್ಕ ಗುಡಿಯಿದೆ, ಬೆಸ್ತರ ಊರಿಗೆ ಬೆಸ್ತ ಸಂತ. ಭಾನುವಾರ ಕಡಲಿಗೆ ಇಳಿಯುವುದಿಲ್ಲ.

ಇದರ ಜೊತೆಗೆ ಹಳೆಯದೂ ಇದೆ. ಬಲಿಪೂಜೆಗೆ ಮುಂಚೆ, "ಭೂಮಿಯ ಒಡೆಯರು" ಎಂದು ಕರೆಯಿಸಿಕೊಳ್ಳುವ ಮೂಲ ಕುಲದವರು ಬೆಟ್ಟದ ಮೇಲೆ ತಿಮಿಂಗಿಲದ ಆಕಾರದ ಕಲ್ಲಿನ ಬಳಿ ಹೋಗಿ ತಿಮಿಂಗಿಲವನ್ನು ಕರೆಯುವ ವಿಧಿ ಮಾಡಿ ಬರುತ್ತಾರೆ. ಮೊದಲಿನ ಮಿಷನರಿಗಳು ಇಂಥದ್ದನ್ನೆಲ್ಲ ನಿಲ್ಲಿಸಲು ನೋಡಿದರು. ಈಗ ಎರಡೂ ಒಂದರ ಹಿಂದೆ ಒಂದು ನಡೆಯುತ್ತವೆ. ಇದು ಸರಿಯೇ ಎಂದು ನಮ್ಮ ಕೂಟದಲ್ಲಿ ಗದ್ದಲವೇ ಆಯಿತು. ನಮ್ಮ ಅಭಿಪ್ರಾಯ ಇಷ್ಟು: ನಮ್ಮ ಹಳ್ಳಿಗಳಲ್ಲೂ ಹೊಸ ಬೆಳೆಯನ್ನು ದೇವಾಲಯಕ್ಕೆ ತಂದು ಆಶೀರ್ವಾದ ಪಡೆಯುವ ಮುಂಚೆ ಹೊಲದಲ್ಲೇ ಕೈಮುಗಿಯುವ ಅಜ್ಜಂದಿರಿದ್ದಾರೆ. ಅವರನ್ನು ಯಾರೂ ಅವಿಶ್ವಾಸಿಗಳು ಎನ್ನುವುದಿಲ್ಲ.

ಒಂದು ತಿಮಿಂಗಿಲ, ಎಷ್ಟು ಮನೆ?

ತಿಮಿಂಗಿಲ ದಂಡೆಗೆ ಬಂದ ಮೇಲೆ ನಡೆಯುವ ಪಾಲಿನ ಲೆಕ್ಕ ನಮ್ಮ ಸಹಕಾರ ಸಂಘಗಳ ಲೆಕ್ಕಕ್ಕಿಂತ ಅಚ್ಚುಕಟ್ಟು. ಮೈಯ ಯಾವ ಭಾಗ ಯಾರಿಗೆ ಎಂಬುದು ತಲೆಮಾರುಗಳಿಂದ ಗೊತ್ತು ಮಾಡಿದ್ದು. ಹುಟ್ಟು ಹಾಕಿದವರಿಗೆ, ಈಟಿಯವನಿಗೆ, ದೋಣಿಯ ಒಡೆತನದ ಕುಲಕ್ಕೆ, ದೋಣಿ ಕಟ್ಟಿದ ಬಡಗಿಗೆ, ಈಟಿ ಬಡಿದ ಕಮ್ಮಾರನಿಗೆ, ಹಾಯಿ ಹೆಣೆದವರಿಗೆ ಪಾಲಿದೆ. ತಲೆಯ ಒಂದು ಭಾಗ ಭೂಮಿಯ ಒಡೆಯರಿಗೆ. ಸಿಕ್ಕ ಪಾಲನ್ನು ಮತ್ತೆ ನೆಂಟರಿಗೆ ಹಂಚುತ್ತಾರೆ. ಗಂಡ ತೀರಿಕೊಂಡವರ ಮನೆಗೂ ತಂದೆಯಿಲ್ಲದ ಮಕ್ಕಳ ಮನೆಗೂ ಮಾಂಸ ತಲುಪುತ್ತದೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆಯನ್ನು ಬಡವರಿಗೆ ಬಿಡು ಎಂಬ ಹಳೆಯ ಒಡಂಬಡಿಕೆಯ ಕಟ್ಟಳೆ (ಯಾಜಕಕಾಂಡ 19:9-10) ಕಡಲಲ್ಲಿ ಹೀಗೆ ನಡೆಯುತ್ತದೆ.

ಆಮೇಲಿನ ಕೆಲಸ ಹೆಂಗಸರದ್ದು. ಮಾಂಸವನ್ನು ಪಟ್ಟಿಪಟ್ಟಿಯಾಗಿ ಸೀಳಿ ಬಿದಿರ ಗಳಕ್ಕೆ ಒಣಹಾಕುತ್ತಾರೆ. ಒಣಗಿದ್ದನ್ನು ತಲೆಯ ಮೇಲೆ ಹೊತ್ತು ಬೆಟ್ಟದ ಹಳ್ಳಿಗಳಿಗೆ ನಡೆಯುತ್ತಾರೆ, ಶನಿವಾರ ಪಕ್ಕದ ವುಲಾಂದೊನಿ ಸಂತೆಗೆ ಹೋಗುತ್ತಾರೆ. ಅಲ್ಲಿ ದುಡ್ಡಿಗಿಂತ ಬದಲಾವಣೆಯೇ ಮುಖ್ಯ. ಅಳತೆಗೆ ಮುಂಗಾ ಎಂದು ಹೆಸರು, ಒಂದು ಮುಂಗಾ ಎಂದರೆ ಆರು: ಆರು ತೆನೆ ಮುಸುಕಿನ ಜೋಳ ಅಥವಾ ಆರು ಬಾಳೆಹಣ್ಣು. ಸೀಟಿ ಊದಿದ ಮೇಲೆಯೇ ವ್ಯಾಪಾರ ಶುರು. ಸಂತೆಯ ಸುಂಕವನ್ನೂ ಜೋಳ ಮೀನುಗಳಲ್ಲೇ ಕೊಡುವುದುಂಟು. ಡಾಲರ್ ಏರಲಿ, ರುಪಿಯಾ ಇಳಿಯಲಿ, ಆರು ತೆನೆ ಆರೇ.

ಇನ್ನೊಂದು ಸಂಗತಿ ನಮ್ಮನ್ನು ನಗಿಸಿತು. ಈ ದ್ವೀಪಗಳಲ್ಲಿ ಆನೆಯೇ ಇಲ್ಲ, ಆದರೂ ಹುಡುಗಿಯ ಮನೆಗೆ ಹುಡುಗನ ಕಡೆಯವರು ಕೊಡಬೇಕಾದ ತೆರ ಆನೆಯ ದಂತ! ಶತಮಾನಗಳ ಹಿಂದಿನ ಕಡಲ ವ್ಯಾಪಾರದಲ್ಲಿ ಬಂದ ದಂತಗಳೇ ಮನೆಯಿಂದ ಮನೆಗೆ ಸುತ್ತುತ್ತಿವೆ. ಅದಕ್ಕೆ ಎದುರಾಗಿ ಹುಡುಗಿಯ ಕಡೆಯವರು ಕೈಮಗ್ಗದಲ್ಲಿ ನೇಯ್ದ ಸೀರೆಯಂಥ ಬಟ್ಟೆ ಕೊಡುತ್ತಾರೆ. ಆ ಬಟ್ಟೆಯ ವಿನ್ಯಾಸಗಳಿಗೆ ಗುಜರಾತಿನ ಪಟೋಲಾ ರೇಷ್ಮೆಯ ನೆರಳಿದೆ. ಹಳೆಯ ಪಟೋಲಾಗಳನ್ನು ಕುಲದ ಸೊತ್ತಾಗಿ ಜೋಪಾನ ಮಾಡಿಟ್ಟಿದ್ದಾರೆ.

ಕೊಲ್ಲುವುದು ಸರಿಯೇ?

ಅಜ್ಜಿಯ ಪ್ರಶ್ನೆಗೆ ಬರೋಣ. ವಿಜ್ಞಾನ ಓದಿದವರಾಗಿ ನಾವು ಇದನ್ನು ತಳ್ಳಿಹಾಕುವಂತಿಲ್ಲ. ಸ್ಪರ್ಮ್ ವೇಲ್ ಹೆಣ್ಣು ಒಂದು ಮರಿಯನ್ನು ಹೊಟ್ಟೆಯಲ್ಲಿ 14ರಿಂದ 16 ತಿಂಗಳು ಹೊರುತ್ತದೆ; ಮುಂದಿನ ಮರಿಗೆ ನಾಲ್ಕಾರು ವರ್ಷ ಬೇಕು. ಇಷ್ಟು ನಿಧಾನ ಹುಟ್ಟುವ ಜೀವವನ್ನು ಬೇಗ ಬೇಗ ಕೊಂದರೆ ತುಂಬಿಕೊಳ್ಳುವುದು ಕಷ್ಟ. ಈಗ ಅಳಿವಿನ ಭಯವಿರುವ ಪಟ್ಟಿಯಲ್ಲಿ ಅದಿದೆ.

ಆದರೆ ಅದನ್ನು ಆ ಸ್ಥಿತಿಗೆ ತಂದವರು ಯಾರು? 20ನೇ ಶತಮಾನದಲ್ಲಿ ಎಂಜಿನ್ ಹಡಗು, ಸ್ಫೋಟಕ ಈಟಿ ಇಟ್ಟುಕೊಂಡ ಕೈಗಾರಿಕಾ ದೇಶಗಳು ಏಳು ಲಕ್ಷಕ್ಕೂ ಹೆಚ್ಚು ಸ್ಪರ್ಮ್ ವೇಲ್‌ಗಳನ್ನು ಕೊಂದವು, ಬಹುಪಾಲು ಎಣ್ಣೆಗಾಗಿ. ಲಮಲೆರಾದವರು ಸರಾಸರಿ ವರ್ಷಕ್ಕೆ ಇಪ್ಪತ್ತರ ಆಸುಪಾಸು ಹಿಡಿಯುತ್ತಾರೆ, ಕೆಲವು ವರ್ಷ ಬೆರಳೆಣಿಕೆ ಮಾತ್ರ. ನೀಲಿ ತಿಮಿಂಗಿಲವನ್ನು ಮುಟ್ಟುವುದೇ ಇಲ್ಲ, ಅದು ತಮ್ಮ ಪೂರ್ವಿಕರನ್ನು ಈ ದಂಡೆಗೆ ಕಾಪಾಡಿ ತಂದದ್ದು ಎಂಬ ಕಥೆ ಅವರಲ್ಲಿದೆ. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ವ್ಯಾಪಾರದ ಬೇಟೆಗೆ ತಡೆ ಹಾಕುವ ತೀರ್ಮಾನ ಮಾಡಿತು. ಹೊಟ್ಟೆಪಾಡಿಗೆ ಬೇಟೆಯಾಡುವ ಮೂಲ ನಿವಾಸಿಗಳ ವಿಷಯ ಬೇರೆ ಎಂದು ಆ ಆಯೋಗವೇ ಒಪ್ಪುತ್ತದೆ.

ಇದರಲ್ಲಿ ಒಂದು ತಮಾಷೆಯೂ ಇದೆ. 1973ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಊರಿಗೆ ಒಂದು ಹಡಗನ್ನೂ ಒಬ್ಬ ನಾರ್ವೆಯ ಬೇಟೆಗಾರನನ್ನೂ ಕಳಿಸಿತ್ತು, ಹೆಚ್ಚು ತಿಮಿಂಗಿಲ ಹಿಡಿಯುವುದನ್ನು ಕಲಿಸಲು! ಸುಮಾರು ಮೂರು ವರ್ಷ ನಡೆದು ಆ ಯೋಜನೆ ನಿಂತುಹೋಯಿತು. ಊರಿನವರ ಪದ್ಧತಿಯೇ ಅವರಿಗೆ ಹೊಂದುತ್ತದೆ ಎಂದು ಕೊನೆಗೆ ಒಪ್ಪಿಕೊಂಡರು. ಅದೇ ಹೊರಲೋಕ ಈಗ ಬಂದು, ನಿಲ್ಲಿಸಿ ಎನ್ನುತ್ತಿದೆ. 2009ರಲ್ಲಿ ಸಾವು ಸಮುದ್ರವನ್ನು ರಕ್ಷಿತ ಕಡಲೆಂದು ಸಾರಿದಾಗ ಊರಿನವರು ಪ್ರತಿಭಟಿಸಿದರು. ಅವರ ಮುಂದಿನ ನೀರನ್ನು ಗಡಿಯಿಂದ ಹೊರಗೆ ಬಿಡಬೇಕಾಯಿತು.

ಹಾಗೆಂದು ಊರಿನವರು ಮಾಡುವುದೆಲ್ಲ ಸರಿ ಎಂದು ನಾವು ಹೇಳುತ್ತಿಲ್ಲ. ಮಾಂಟಾ ಎಂಬ, ತೊರಕೆ ಜಾತಿಯ ದೊಡ್ಡ ಮೀನನ್ನೂ ಇವರು ಹಿಡಿಯುತ್ತಾರೆ. ಅದು ಎರಡು ಮೂರು ವರ್ಷಕ್ಕೆ ಒಂದೇ ಮರಿ ಹಾಕುವುದು. ಅದರ ಕಿವಿರಿಗೆ ಚೀನಾದ ಔಷಧಿ ವ್ಯಾಪಾರದಲ್ಲಿ ಬೆಲೆ ಬಂದ ಮೇಲೆ, ಪಕ್ಕದ ಸೊಲೊರ್ ದ್ವೀಪದ ಲಮಕೆರಾ ಎಂಬ ಮುಸ್ಲಿಂ ಬೆಸ್ತರ ಹಳ್ಳಿ ಎಂಜಿನ್ ದೋಣಿಗಳಲ್ಲಿ ದೂರ ದೂರ ಹೋಗಿ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಮೀನು ಕಾಣುವುದೇ ಅಪರೂಪವಾಯಿತು. 2014ರಲ್ಲಿ ಇಂಡೊನೇಷ್ಯಾ ಮಾಂಟಾ ಹಿಡಿಯುವುದನ್ನು ನಿಷೇಧಿಸಿತು. ನಾವು ಕಂಡುಕೊಂಡ ವ್ಯತ್ಯಾಸ ಇಷ್ಟೆ: ಊರಿಗೆ ಬೇಕಾದಷ್ಟು ಹಿಡಿದು ಹಂಚಿಕೊಳ್ಳುವವರೆಗೆ ಕಡಲು ತಾಳಿಕೊಂಡಿತು, ಕಾಣದ ಊರಿನ ದುಡ್ಡು ದಂಡೆಗೆ ಬಂದ ದಿನ ಲೆಕ್ಕ ತಪ್ಪಿತು. ಪೋಪ್ ಫ್ರಾನ್ಸಿಸ್ 2015ರ ಲಾವ್ದಾತೊ ಸೀ ವಿಶ್ವಪತ್ರದಲ್ಲಿ, ಮೂಲ ನಿವಾಸಿಗಳು ತಮ್ಮ ನೆಲದಲ್ಲೇ ಉಳಿದರೆ ಅದನ್ನು ಚೆನ್ನಾಗಿ ನೋಡಿಕೊಳ್ಳುವವರು ಅವರೇ ಎಂಬ ಅರ್ಥದ ಮಾತು ಬರೆದಿದ್ದಾರೆ (146ನೇ ಖಂಡ). ಎರಡೂ ಹಳ್ಳಿಗಳನ್ನು ಎದುರಿಗಿಟ್ಟುಕೊಂಡು ಅದನ್ನು ಓದಿ.

ಈಗ ಲಮಲೆರಾದಲ್ಲೂ ಹೊರಗೆ ಎಂಜಿನ್ ಕಟ್ಟಿದ ದೋಣಿಗಳಿವೆ. ಅವಕ್ಕೆ ಜೊನ್ಸೊನ್ ಎಂದೇ ಹೆಸರು, ಹಳೆಯ ಎಂಜಿನ್ ಕಂಪನಿಯ ಹೆಸರು ಊರ ಮಾತಾಗಿದೆ. ತೆನಾವನ್ನು ತಿಮಿಂಗಿಲದ ಹತ್ತಿರದವರೆಗೆ ಎಳೆದೊಯ್ಯುವುದು ಅವೇ. ರಾತ್ರಿ ಬಲೆ ಬೀಸಿ ಮೀನು ಹಿಡಿಯುವ ಯುವಕರು ಹೆಚ್ಚಾಗಿದ್ದಾರೆ. ಬಲೆಯ ಮೀನು ಬಲೆಯ ಒಡೆಯನದ್ದು. ಬಡಗಿಗೆ ಪಾಲಿಲ್ಲ, ವಿಧವೆಗೂ ಇಲ್ಲ. ಹಿರಿಯರಿಗೆ ಚಿಂತೆಯಾಗಿರುವುದು ತಿಮಿಂಗಿಲ ಕಡಿಮೆಯಾದೀತು ಎಂಬುದಕ್ಕಿಂತ ಇದೇ.

ಹುಡುಗರು ಎಲ್ಲಿಗೆ ಹೋಗುತ್ತಾರೆ?

ಮನೆಯಲ್ಲಿ ಇವರು ಆಡುವುದು ಲಮಹೊಲೊತ್ ಭಾಷೆಯ ತಮ್ಮದೇ ಬಗೆಯ ನುಡಿ. ಶಾಲೆಯಲ್ಲಿ, ಕಚೇರಿಯಲ್ಲಿ, ಬಲಿಪೂಜೆಯಲ್ಲಿ ಇಂಡೊನೇಷ್ಯನ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೆಲಸಕ್ಕೆ ಇಂಗ್ಲಿಷ್ ಎಂದು ಬೆಳೆದ ನಮಗೆ ಈ ಏರ್ಪಾಡು ಹೊಸದಲ್ಲ. ಆದರೆ ಈ ಚಿಕ್ಕ ಊರಿನಲ್ಲಿ 1936ರಲ್ಲಿ ಹುಟ್ಟಿದ ಗೋರಿಸ್ ಕೆರಾಫ್ ಎಂಬುವರು ಮುಂದೆ ಇಡೀ ದೇಶದ ಮಕ್ಕಳು ಓದುವ ಇಂಡೊನೇಷ್ಯನ್ ಭಾಷೆಯ ವ್ಯಾಕರಣ ಪುಸ್ತಕ ಬರೆದರು, ಇಂಡೊನೇಷ್ಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಮಾತ್ರ ತಮ್ಮ ಲಮಲೆರಾದ ಆಡುನುಡಿ! ಅದೇ ಊರಿನ ಸೋನಿ ಕೆರಾಫ್ 1999ರಿಂದ 2001ರವರೆಗೆ ದೇಶದ ಪರಿಸರ ಸಚಿವರಾಗಿದ್ದರು. ತಿಮಿಂಗಿಲ ಬೇಟೆಯ ಊರಿನಿಂದ ಪರಿಸರ ಸಚಿವ ಎಂದಾಗ ಕೂಟದಲ್ಲಿ ಯಾರೂ ನಂಬಲಿಲ್ಲ.

ಇಂಥ ದಾರಿ ತೆರೆದದ್ದು ಮಿಷನ್ ಶಾಲೆ ಮತ್ತು ಗುರುಮಠಗಳು. ಫ್ಲೋರೆಸ್‌ನ ಲೆದಲೆರೊ ಗುರುಮಠ 1937ರಿಂದ ನಡೆಯುತ್ತಿದೆ, ಲೋಕದ ದೊಡ್ಡ ಗುರುಮಠಗಳಲ್ಲಿ ಒಂದು. ಒಂದು ಕಾಲಕ್ಕೆ ಜರ್ಮನಿ, ಹಾಲೆಂಡಿನಿಂದ ಗುರುಗಳು ಬಂದ ನಾಡು ಈಗ ಆ ದೇಶಗಳಿಗೂ ಆಫ್ರಿಕಾ, ಲ್ಯಾಟಿನ್ ಅಮೆರಿಕಕ್ಕೂ ಗುರುಗಳನ್ನು ಕಳಿಸುತ್ತಿದೆ. ಮಿಷನ್ ನಾಡು ಎಂದರೆ ಬರೀ ಕೈಚಾಚುವ ನಾಡು ಎಂದುಕೊಂಡಿದ್ದವರು ಇದನ್ನು ಗಮನಿಸಬೇಕು.

ಎಲ್ಲರೂ ಗುರುಗಳೂ ಪ್ರಾಧ್ಯಾಪಕರೂ ಆಗುವುದಿಲ್ಲ. ಹಳ್ಳಿಯಲ್ಲಿ ಸಂಬಳದ ಕೆಲಸ ಎಂದರೆ ಶಾಲೆ, ಆರೋಗ್ಯ ಕೇಂದ್ರ, ಪಂಚಾಯಿತಿ ಕಚೇರಿ. ಕಾಯಂ ಆಗದ ಶಿಕ್ಷಕರಿಗೆ ತಿಂಗಳಿಗೆ ಕೆಲವು ಲಕ್ಷ ರುಪಿಯಾ ಸಿಗುತ್ತದೆ. ಲಕ್ಷ ಎಂದರೆ ಹೆದರಬೇಡಿ, ಮೂರು ಲಕ್ಷ ರುಪಿಯಾ ನಮ್ಮ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. 2014ರ ಹಳ್ಳಿ ಕಾನೂನು ಬಂದ ಮೇಲೆ ಕೇಂದ್ರ ಸರಕಾರದ ಹಣ ನೇರವಾಗಿ ಹಳ್ಳಿಗೆ ಬರುತ್ತಿದೆ. ಈಚಿನ ವರ್ಷಗಳಲ್ಲಿ ಒಂದು ಹಳ್ಳಿಗೆ ಸರಾಸರಿ ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿ ರೂಪಾಯಿಗೆ ಹತ್ತಿರ. ಅದರಿಂದ ರಸ್ತೆ, ನೀರಿನ ಕೊಳವೆ, ಮಕ್ಕಳ ಪೌಷ್ಟಿಕ ಆಹಾರ ಆಗಬೇಕು. ಆದರೂ 2022ರ ಸಮೀಕ್ಷೆಯಲ್ಲಿ ಈ ಪ್ರಾಂತ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕಷ್ಟು ಬೆಳೆದಿರಲಿಲ್ಲ; ದೇಶದಲ್ಲೇ ಅತಿ ಹೆಚ್ಚು.

ಹಾಗಾಗಿ ಜನ ಹೊರಡುತ್ತಾರೆ. ಫ್ಲೋರೆಸ್, ಅದೊನಾರಾ, ಲೆಂಬಾತಾದ ಗಂಡಸರು ದಶಕಗಳಿಂದ ಮಲೇಷ್ಯಾದ ಸಬಾಹ್ ರಾಜ್ಯದ ತಾಳೆಎಣ್ಣೆ ತೋಟಗಳಿಗೆ ಹೋಗುತ್ತಿದ್ದಾರೆ. ಹೋದವನು ವರ್ಷಗಟ್ಟಲೆ ಬಾರದಿದ್ದರೆ ಹೆಂಡತಿಗೆ ಊರವರು ಕೊಡುವ ಹೆಸರು "ಮಲೇಷ್ಯಾ ವಿಧವೆ". ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೋಗುತ್ತಾರೆ. ಕಾಗದಪತ್ರವಿಲ್ಲದೆ, ದಲ್ಲಾಳಿಯ ಮಾತು ನಂಬಿ ಹೋದವರೇ ಹೆಚ್ಚು. ಈಚಿನ ವರ್ಷಗಳಲ್ಲಿ ಈ ಪ್ರಾಂತ್ಯಕ್ಕೆ ವರ್ಷಕ್ಕೆ ನೂರಕ್ಕೂ ಹೆಚ್ಚು ವಲಸೆ ಕಾರ್ಮಿಕರ ಶವಪೆಟ್ಟಿಗೆಗಳು ಬರುತ್ತಿವೆ. ಪ್ರಾಂತ್ಯದ ರಾಜಧಾನಿ ಕುಪಾಂಗಿನ ವಿಮಾನ ನಿಲ್ದಾಣದ ಸರಕು ಬಾಗಿಲಲ್ಲಿ ಆ ಪೆಟ್ಟಿಗೆಗಳನ್ನು ಎದುರುಗೊಂಡು, ಪ್ರಾರ್ಥನೆ ಹೇಳಿ, ಊರಿಗೆ ಕಳಿಸಿಕೊಡುವ ಒಬ್ಬ ಸಿಸ್ಟರ್ ಇದ್ದಾರೆ. ಜನ ಅವರನ್ನು "ಕಾರ್ಗೊ ಸಿಸ್ಟರ್" ಎನ್ನುತ್ತಾರೆ. ನಮ್ಮ ಕೂಟದಲ್ಲಿ ಈ ಭಾಗ ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಿರುಪ್ಪೂರಿಗೋ ಬೆಂಗಳೂರಿಗೋ ಹೋದವರು ಭಾನುವಾರ ಫೋನ್ ಮಾಡುತ್ತಾರೆ ಎಂಬ ನೆಮ್ಮದಿ ನಮಗಿದೆ. ಅವರಲ್ಲಿ ಕೆಲವರು ಫೋನ್ ಎತ್ತುವುದನ್ನು ನಿಲ್ಲಿಸಿ ಎಷ್ಟು ದಿನವಾಯಿತು ಎಂದು ನಾವು ಕೇಳುತ್ತೇವೆಯೇ?

ನೆಲವೂ ಕೈ ಬಿಡುವುದುಂಟು. 1979ರ ಜುಲೈಯಲ್ಲಿ ಲೆಂಬಾತಾದ ವೈತೆಬಾ ಎಂಬಲ್ಲಿ ಗುಡ್ಡ ಕಡಲಿಗೆ ಕುಸಿದು, ಎದ್ದ ಅಲೆ ನೂರಾರು ಜನರನ್ನು ಒಯ್ದಿತು. 2020ರ ನವೆಂಬರಿನಲ್ಲಿ ಉತ್ತರದ ಲೆವೊತೊಲೊಕ್ ಜ್ವಾಲಾಮುಖಿ ಸಿಡಿಯಿತು. ಊರು ಬಿಟ್ಟವರು ಮರಳಿ ಬರುತ್ತಿದ್ದಂತೆ, 2021ರ ಏಪ್ರಿಲ್ 4ರಂದು, ಪಾಸ್ಖ ಹಬ್ಬದ ಸುತ್ತಿನ ರಾತ್ರಿಯೇ ಸೆರೋಜಾ ಚಂಡಮಾರುತದ ಮಳೆಗೆ ಅದೇ ಬೆಟ್ಟದ ಕಲ್ಲುಮಣ್ಣು ಹಳ್ಳಿಗಳ ಮೇಲೆ ಹರಿಯಿತು. ಪುನರುತ್ಥಾನದ ಬತ್ತಿ ಹಚ್ಚಿ ಮಲಗಿದವರಲ್ಲಿ ಅನೇಕರು ಏಳಲಿಲ್ಲ.

ಲಮಲೆರಾದ ಯುವಕರ ಮುಂದೆ ಇರುವ ದಾರಿಗಳನ್ನು ಹೊರಗಿನವರು ಸುಲಭವಾಗಿ ಎಣಿಸಿ ಹೇಳುತ್ತಾರೆ. ತಿಮಿಂಗಿಲ ಕೊಲ್ಲುವ ಬದಲು ಪ್ರವಾಸಿಗರಿಗೆ ತೋರಿಸಿ ಎನ್ನುವವರಿದ್ದಾರೆ. ಪ್ರವಾಸಿಗರು ಈಗಲೂ ಬರುತ್ತಾರೆ, ಮನೆಗಳಲ್ಲಿ ತಂಗುತ್ತಾರೆ, ದೋಣಿಯಲ್ಲಿ ಕೂರಲು ಹಣ ಕೊಡುತ್ತಾರೆ. ಆದರೆ ತೋರಿಸಿದ್ದನ್ನು ಉಣ್ಣಲಾಗುವುದಿಲ್ಲ, ಬೆಟ್ಟದ ಹಳ್ಳಿಯವರು ಅದಕ್ಕೆ ಆರು ತೆನೆ ಜೋಳ ಕೊಡುವುದೂ ಇಲ್ಲ. ಇನ್ನು ಕೆಲವರಿಗೆ ಊರು ಹಳೆಯ ಕಾಲದಂತೆಯೇ ಇರಬೇಕು, ಫೋಟೋ ಚೆನ್ನಾಗಿ ಬರಬೇಕು. ತಮ್ಮ ಮಗನನ್ನು ಎಂಜಿನಿಯರ್ ಮಾಡಿ ಪಕ್ಕದವನ ಮಗ ಈಟಿ ಹಿಡಿಯಲಿ ಎನ್ನುವವರ ಮಾತನ್ನು ನಾವು ಒಪ್ಪಲಾರೆವು. ಊರಿನ ಕೆಲವು ಯುವಕರು ನಡುವಿನ ದಾರಿ ಹಿಡಿದಿದ್ದಾರೆ: ಹೊರಗೆ ಓದಿ, ದುಡಿದು, ಬೇಟೆಯ ಕಾಲಕ್ಕೆ ಮರಳಿ ಬಂದು ತಮ್ಮ ಕುಲದ ದೋಣಿಯಲ್ಲಿ ಹುಟ್ಟು ಹಾಕುವುದು. ನಗರದಿಂದ ದೋಣಿ ರಿಪೇರಿಗೆ ಹಣ ಕಳಿಸುವವರೂ ಇದ್ದಾರೆ. ದೋಣಿಯಲ್ಲಿ ಹೆಸರಿದ್ದರೆ ಪಾಲಿದೆ. ಪಾಲಿದ್ದರೆ ಊರಿಗೆ ಬರಲು ಕಾರಣವಿದೆ.

ಅಜ್ಜಿಗೆ ನಾಲ್ಕನೇ ವಾರ ಇದನ್ನೆಲ್ಲ ಹೇಳಿದೆವು. ಅವರು ತಿಮಿಂಗಿಲದ ಮಾತನ್ನೇ ಎತ್ತಲಿಲ್ಲ. "ಅಲ್ಲಿ ಕಡಲ ಪಾಲಾದೋರಿಗೆ ಬತ್ತಿ ಹಚ್ಚೋ ಹಾಗೆ ನಮ್ಮೂರಿಂದ ಹೋಗಿ ಬಾರದೋರಿಗೂ ಹಚ್ಚಬೋದಲ್ವಾ?" ಎಂದರು.

ಸಕಲ ಮೃತರ ಸ್ಮರಣೆಯ ದಿನ, ನವೆಂಬರ್ 2ರ ಸಂಜೆ, ಕನ್ನಡ ಬಲಿಪೂಜೆಯ ನಂತರ ಯುವ ಬಳಗದ ಅಧ್ಯಯನ ಕೂಟ ಸಮಾಧಿ ಸ್ಥಳದ ಬಾಗಿಲಲ್ಲಿ ಸೇರುತ್ತದೆ. ಬರುವ ಮುಂಚೆ ಮತ್ತಾಯ 5:23-24, ಯಾಜಕಕಾಂಡ 19:9-10 ಮತ್ತು ಯೊವಾನ್ನ 21:1-14 ಓದಿಕೊಂಡು ಬನ್ನಿ. ಮೂರು ವಿಷಯ ಮಾತಾಡೋಣ. ನಮ್ಮ ಊರಿನಲ್ಲಿ ಇತ್ಯರ್ಥವಾಗದೆ ಉಳಿದ ಯಾವ ಜಗಳದಿಂದ ಎಲ್ಲರ ಕೆಲಸ ಕೆಡುತ್ತಿದೆ? ನಮ್ಮ ಬೆಳೆಯಲ್ಲಿ, ಹಾಲಿನಲ್ಲಿ, ಸಂಬಳದಲ್ಲಿ ಗೊತ್ತು ಮಾಡಿದ ಪಾಲು ಯಾರಿಗಾದರೂ ಇದೆಯೇ, ಅಥವಾ ಮನಸ್ಸು ಬಂದಾಗ ಕೊಡುವುದಷ್ಟೇ ಇದೆಯೇ? ಹೊರಗೆ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೆ ಧರ್ಮಕೇಂದ್ರದಲ್ಲಿ ಇನ್ನೂ ಯಾವ ಪಾಲು ಉಳಿದಿದೆ? ಊರು ಬಿಟ್ಟು ಸುದ್ದಿಯಿಲ್ಲದವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಒಂದೊಂದು ಹೆಸರಿಗೆ ಒಂದೊಂದು ಬತ್ತಿ ಸಾಕು, ಬತ್ತಿಗಳನ್ನು ನಾವು ತರುತ್ತೇವೆ.